ಬೆನ್ನುಹುರಿಗೆ ಪೆಟ್ಟು ಬಿದ್ದು ನಡೆಯಕ್ಕಾಗದೋರಿಗೆ ಕರೆಂಟು ಕೊಟ್ರೆ ಕಾಲು ಏಳುತ್ತಾ?

ಏಳುತ್ತೆ ಕಣ್ರೀ, ಆದ್ರೆ ಸುದ್ದೀಲಿ ಹೇಳೋ ಥರ ಮ್ಯಾಜಿಕ್ ಅಲ್ಲ. ಸ್ವಿಟ್ಜರ್ಲೆಂಡಿನ ಲೋಸಾನ್‌ನಲ್ಲಿ ನರವಿಜ್ಞಾನಿ ಗ್ರೆಗ್ವಾರ್ ಕೂರ್ತೀನ್ ಮತ್ತೆ ಸರ್ಜನ್ ಜೋಸ್ಲಿನ್ ಬ್ಲಾಕ್ ಅವರ ಟೀಮ್ ಮಾಡಿದ್ ಕೆಲ್ಸ ಓದ್ತಿದ್ದೆ, 2011ರಲ್ಲಿ ಚೀನಾದಲ್ಲಿ ಸೈಕಲ್ ಆಕ್ಸಿಡೆಂಟ್ ಆಗಿ ಕತ್ತಿನ ಹತ್ರ ಬೆನ್ನುಹುರಿಗೆ ಪೆಟ್ಟು ಬಿದ್ದಿದ್ದ ಡಚ್ ಮನುಷ್ಯ ಒಬ್ರು, ಅವ್ರ ತಲೆಲೂ ಬೆನ್ನಲ್ಲೂ ಇಂಪ್ಲಾಂಟು (ಆಪರೇಶನ್ ಮಾಡಿ ಒಳಗೆ ಕೂರಿಸಿದ ಸಾಧನ), ನಡೀಬೇಕು ಅಂತ ಯೋಚ್ನೆ ಮಾಡಿದ್ರೆ ಆ ಸಿಗ್ನಲ್ಲು ಗಾಯ ಆದ ಜಾಗ ಬಿಟ್ಟು ನೇರ ಕೆಳಗಿನ ಎಲೆಕ್ಟ್ರೋಡಿಗೆ ಹೋಗುತ್ತೆ. 2023ರಲ್ಲಿ ನೇಚರ್ ಅನ್ನೋ ವಿಜ್ಞಾನ ಪತ್ರಿಕೇಲಿ ಬಂತು. ಮೆಟ್ಟಿಲೂ ಹತ್ತಿದ್ರಂತೆ! ಟ್ರೇನಿಂಗ್ ಆದ್ಮೇಲೆ ಮಷಿನ್ ಆಫ್ ಮಾಡಿದ್ರೂ ಊರುಗೋಲು ಹಿಡ್ಕೊಂಡು ನಾಲ್ಕ್ ಹೆಜ್ಜೆ ಹಾಕ್ತಾರೆ ಅನ್ನೋದು ನಂಗೆ ಅದಕ್ಕಿಂತ ದೊಡ್ಡದು ಅನ್ಸಿತು.

ಅಸಲಿಗೆ ಸೊಂಟದ ಭಾಗದ ಹುರೀಲಿ ಕಾಲು ನಡೆಸೋ ನರಗಳ ಸರ್ಕ್ಯೂಟ್ ಹಾಳಾಗಿರಲ್ಲ, ಮೇಲೆ ಮಿದುಳಿಂದ ಆರ್ಡರ್ ಬರ್ತಿರಲ್ಲ ಅಷ್ಟೆ. ಕರೆಂಟು ಅದನ್ನ ಎಬ್ಬಿಸುತ್ತೆ, ಕಡಿದ ನರ ಏನೂ ಜೋಡ್ಸಲ್ಲ.

ಇನ್ನೊಂದ್ ವಿಷ್ಯ, ಬೆನ್ನುಹುರಿ ಪೆಟ್ಟಾದ ಎಷ್ಟೋ ಜನಕ್ಕೆ ಎದ್ದು ಕೂತ್ರೇನೇ ಬಿಪಿ ಬಿದ್ದು ತಲೆ ಸುತ್ತುತ್ತೆ, ಅದನ್ನೂ ಇದೇ ಥರ ಕರೆಂಟು ಕೊಟ್ಟು ಹಿಡಿದಿಟ್ಟಿದ್ದಾರೆ, 2021ರಲ್ಲೇ. ಆದ್ರೆ ಬಿಪಿ ಗ್ರಾಫು ಯಾರ್ ಶೇರ್ ಮಾಡ್ತಾರೆ ಹೇಳಿ, ನಡೆಯೋ ವಿಡಿಯೋನೇ ಬೇಕು ಎಲ್ರಿಗೂ, ನಂಗೂ ಸೇರಿ 😄