12 ಅಂದಿತು ಡಬ್ಬಿ, 16 ಅಂದಿತು ಮೀಟರು

ಸೋದರಮಾವ ತಮ್ಮ ಆಟದ ರೈಲುಗಳನ್ನೆಲ್ಲ ನನಗೆ ಕೊಟ್ಟಾಗ ಅದರ ಜೊತೆ ಹಳಿಗೆ ಕರೆಂಟ್ ಕೊಟ್ಟು ವೇಗ ಹಿಡಿತದಲ್ಲಿಡುವ ಪವರ್ ಡಬ್ಬಿಯೂ ಬಂತು. ತಗಡಿನ ಮೈ, ಇಟ್ಟಿಗೆಯಷ್ಟು ಭಾರ, ಮೇಲೊಂದು ದಪ್ಪ ಗುಂಡಿ. ತಿರುಗಿಸಿದರೆ ಒಳಗೆ ಕರಕರ ಅನ್ನುತ್ತದೆ. ಮುಂದೆ ‘12 ವೋಲ್ಟ್ ಡಿ.ಸಿ.’ ಅಂತ ಅಚ್ಚಾಗಿದೆ. ನನ್ನ ಹೊಸ ಎಚ್‌ಒ (ಅಸಲಿ ರೈಲಿನ 87ರಲ್ಲೊಂದು ಪಾಲಿನ ಅಳತೆ) ಇಂಜಿನ್ನಿಗೂ ಬೇಕಾದ್ದು 12 ವೋಲ್ಟೇ. ಸರಿಹೋಯ್ತಲ್ವಾ, ಇನ್ನೇನು ಅಂದುಕೊಂಡೆ.

ಗುಂಡಿಯನ್ನು ಒಂಚೂರು ತಿರುಗಿಸಿದೆ. ಇಂಜಿನ್ನು ಚೇಳು ಕಡಿದ ಹಾಗೆ ಹೊರಟು ಮೊದಲ ತಿರುವಿನಲ್ಲೇ ಮಗುಚಿಬಿತ್ತು. ಮಾವನ ಹಳೇ ಇಂಜಿನ್ ಇಟ್ಟು ನೋಡಿದೆ. ಅದೇ ಡಬ್ಬಿ, ಅದೇ ಗುಂಡಿ. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಹೊರಟಿತು.

ಮಲ್ಟಿಮೀಟರ್ ತಂದೆ. ಹಳಿ ಖಾಲಿ, ಗುಂಡಿ ಮೊದಲ ಗೆರೆಯಲ್ಲಿ. ಮೀಟರು ತೋರಿಸಿದ್ದು 16.4. ಕೊನೇ ಗೆರೆಗೆ ತಿರುಗಿಸಿದೆ. ಆಗಲೂ 16.4! ಗುಂಡಿ ಸುಮ್ನೆ ಅಲಂಕಾರಕ್ಕಿದೆಯಾ ಅನ್ನಿಸಿತು.

ಅಲಂಕಾರಕ್ಕಲ್ಲ. ಒಳಗಿರುವುದು ರಿಯೋಸ್ಟಾಟ್, ಅಂದರೆ ಹಳಿಗೆ ಹೋಗುವ ದಾರಿಯಲ್ಲಿ ಕೂತ ತಂತಿಯ ಸುರುಳಿ. ಕರೆಂಟ್ ಹರಿದರೆ ಮಾತ್ರ ಅದು ವೋಲ್ಟೇಜನ್ನು ತಿನ್ನುತ್ತದೆ. ಸುರುಳಿ 10 ಓಮ್ ಇದೆ ಅನ್ನಿ. ಹಳೇ ಮೋಟರು 1 ಆಂಪ್ ಎಳೆಯುತ್ತದೆ, ಹಾಗಾಗಿ ಸುರುಳಿಯಲ್ಲೇ 10 ವೋಲ್ಟ್ ಹೋಗಿ ಇಂಜಿನ್ನಿಗೆ ಸಿಗುವುದು ಆರು ಚಿಲ್ಲರೆ. ಹೊಸ ಮೋಟರಿಗೆ 0.15 ಆಂಪ್ ಸಾಕು. ಸುರುಳಿಗೆ ಹೋಗುವುದು ಬರೀ ಒಂದೂವರೆ ವೋಲ್ಟ್, ಉಳಿದದ್ದೆಲ್ಲ ಇಂಜಿನ್ನಿಗೆ. ಹಾರದೆ ಇನ್ನೇನು ಮಾಡುತ್ತೆ ಪಾಪ.

ಉಪಾಯ ತುಂಬಾ ಸುಲಭದ್ದು. ಹಳಿಗೆ ಹೋಗುವ ಎರಡು ತಂತಿಗಳಿಗೆ ಅಡ್ಡಲಾಗಿ 12 ವೋಲ್ಟಿನ, 10 ವಾಟಿನ ಕಾರಿನ ಬಲ್ಬ್ ಕಟ್ಟಿದೆ. ಈಗ ಡಬ್ಬಿಗೆ ಎಳೆತ ಸಿಕ್ಕಿತು, ಗುಂಡಿಗೆ ಜೀವ ಬಂತು. ಬಲ್ಬು ಇಲ್ಲಿ ಮಾಮೂಲಿ ರೆಸಿಸ್ಟರ್‌ಗಿಂತ ವಾಸಿ, ಯಾಕಂದ್ರೆ ತಣ್ಣಗಿದ್ದಾಗ ಅದರ ತಡೆ ಬಹಳ ಕಮ್ಮಿ. ನಮಗೆ ಹಿಡಿತ ಬೇಕಾಗಿರುವ ನಿಧಾನದ ವೇಗದಲ್ಲೇ ಅದು ಜಾಸ್ತಿ ಎಳೆಯುತ್ತದೆ. ಡಬ್ಬಿ ಎಷ್ಟು ಆಂಪ್ ಕೊಡುತ್ತದೆ ಅಂತ ನೋಡಿಕೊಂಡು ಬಲ್ಬ್ ಆರಿಸಿ. ನನ್ನದು 1.5 ಆಂಪಿನದು, ತಡೆದುಕೊಳ್ಳುತ್ತದೆ. ಬಲ್ಬ್ ಚೆನ್ನಾಗಿ ಕಾಯುತ್ತದೆ, ಪ್ಲಾಸ್ಟಿಕ್ ಹತ್ತಿರ ಇಡಬೇಡಿ.

ಆದರೆ ಒಂದು ಎಡವಟ್ಟು ಆಗಲೇ ಆಗಿಹೋಗಿತ್ತು. ಇದಕ್ಕೂ ಮೊದಲು, ಬಲ್ಬ್ ಕಟ್ಟುವ ಮುಂಚೆಯೇ, ಡಿಸಿಸಿ ಡಿಕೋಡರ್ (ಹಳಿಯಲ್ಲಿ ಬರುವ ಡಿಜಿಟಲ್ ಆದೇಶ ಓದುವ ಪುಟ್ಟ ಸರ್ಕ್ಯೂಟ್) ಇರುವ ಇನ್ನೊಂದು ಇಂಜಿನ್ನನ್ನು ಅದೇ ಹಳಿಗೆ ಇಟ್ಟಿದ್ದೆ. ಡಿ.ಸಿ.ಯಲ್ಲೂ ಓಡುತ್ತದೆ ಅಂತ ಅದರ ಪೆಟ್ಟಿಗೆ ಮೇಲಿತ್ತು. ಓಡಿತು ಕೂಡ, ಎರಡು ಸುತ್ತು. ಆಮೇಲೆ ಸದ್ದು ನಿಂತಿತು, ಸುಟ್ಟ ವಾಸನೆ ಬಂತು. ಇಂಜಿನ್ನಿನ ತಪ್ಪಲ್ಲ, ನನ್ನದೇ. ಈ ಡಬ್ಬಿಯಿಂದ ಬರುವ ಡಿ.ಸಿ. ನುಣ್ಣಗಿಲ್ಲ, ಅಲೆ ಅಲೆಯಾಗಿ ಬರುತ್ತದೆ. ಮೀಟರು ತೋರಿಸುವುದು ಅದರ ಸರಾಸರಿ. ಸರಾಸರಿ 16.4 ಇದ್ದರೆ ಅಲೆಯ ತುದಿ 25ರ ಮೇಲೆ. ಡಿಕೋಡರಿಗೆ ಬಡಿಯುವುದು ಆ ತುದಿ.

ಎ.ಸಿ. ರೈಲುಗಳವರಿಗೂ ಇಂಥದ್ದೇ ಒಂದು ಮಾತು. ಜರ್ಮನಿಯ ಆಟದ ರೈಲು ಕಂಪನಿ ಮಾರ್ಕ್ಲಿನ್‌ನ ಹಳೇ ಟ್ರಾನ್ಸ್‌ಫಾರ್ಮರುಗಳು ದಿಕ್ಕು ಬದಲಿಸಲು 24 ವೋಲ್ಟಿನ ಒಂದು ಪೆಟ್ಟು ಕೊಡುತ್ತವೆ. 220 ವೋಲ್ಟಿಗೆ ಮಾಡಿದ್ದನ್ನು 230ಕ್ಕೆ ಸಿಕ್ಕಿಸಿದರೆ ಆ ಪೆಟ್ಟು ಇನ್ನೂ ಜೋರು. ಎಲೆಕ್ಟ್ರಾನಿಕ್ಸ್ ಇರುವ ಇಂಜಿನ್ನು ಅಲ್ಲಿಗೆ ಬೇಡವೇ ಬೇಡ.

ಡಬ್ಬಿ ಬಿಚ್ಚಿದಾಗ ಒಳಗೆ ಎ.ಸಿ.ಯನ್ನು ಡಿ.ಸಿ. ಮಾಡುವ ಸೆಲೆನಿಯಂ ರೆಕ್ಟಿಫೈಯರ್ ನೋಡಿದೆ, ಸಾಲಾಗಿ ಪೋಣಿಸಿದ ತಟ್ಟೆಗಳು. ಅದರ ಬದಲು ಅದೇ ಕೆಲಸ ಮಾಡುವ ಸಿಲಿಕಾನ್ ಬ್ರಿಡ್ಜ್ ಹಾಕಲು ಕೈ ತುರಿಸಿತು. ಆದರೆ ಸಿಲಿಕಾನ್ ತಿನ್ನುವ ವೋಲ್ಟೇಜು ಕಮ್ಮಿ, ಹಾಕಿದರೆ 16.4 ಇನ್ನೂ ಮೇಲೇರುತ್ತದೆ. ಹಾಗೇ ಬಿಟ್ಟೆ. ಸೆಲೆನಿಯಂ ಸುಟ್ಟರೆ ಕೊಳೆತ ನಾತ ಬರುತ್ತದೆ, ಹೊಗೆ ವಿಷ. ನಾತ ಬಂದ ತಕ್ಷಣ ಪ್ಲಗ್ ಕಿತ್ತು ಕಿಟಕಿ ತೆಗೆಯಬೇಕು. ಬಿರುಕು ಬಿಟ್ಟಿದ್ದ ಗೋಡೆ ಕಡೆಯ ವೈರನ್ನು ಮಾತ್ರ ಅವತ್ತೇ ಬದಲಿಸಿದೆ.

ಹೋದ ವಾರ ಮಾವ ಬಂದಿದ್ದರು. ಗುಂಡಿ ತಿರುಗಿಸಿದರು. ಮೊದಲು ಬಲ್ಬಿನ ತಂತಿ ಕೆಂಪಗಾಯಿತು, ಆಮೇಲೆ ಹೊಸ ಇಂಜಿನ್ನು ಮೆಲ್ಲಗೆ ಕದಲಿತು. “ಇದೇನೋ, ರೈಲಿಗೆ ಕಾರಿನ ಬಲ್ಬು?” ಅಂದರು. ಹೇಳಲು ಶುರುಮಾಡಿದೆ. ಅವರು ಕೇಳಿಸಿಕೊಳ್ಳಲಿಲ್ಲ, ಆಗಲೇ ರಿವರ್ಸ್ ಹಾಕಿದ್ದರು.