ಇಬ್ಬರು ಕಮ್ಮಿ ಬಿದ್ದ ರಾತ್ರಿ

2020ರ ಫೆಬ್ರವರಿ 3, ಸೋಮವಾರ. ಅಮೆರಿಕದ ಅಯೋವಾ ರಾಜ್ಯದ ಡೆಮಾಯ್ನ್ ಪಕ್ಕದ ಊರಿನ ಒಂದು ಶಾಲೆಯ ಜಿಮ್. ಸಂಜೆ ಏಳರೊಳಗೆ ಸಾಲಿನಲ್ಲಿ ಇರಬೇಕು, ಇಲ್ಲದಿದ್ದರೆ ಲೆಕ್ಕಕ್ಕಿಲ್ಲ. ಪೌರತ್ವ ಸಿಕ್ಕ ಮೇಲೆ ನನಗೂ ಹೆಂಡತಿಗೂ ಅದೇ ಮೊದಲ ಕಾಕಸ್, ಅಂದರೆ ಪಕ್ಷದ ಅಭ್ಯರ್ಥಿ ಯಾರಾಗಬೇಕು ಅಂತ ಹೇಳೋಕೆ ಊರವರು ಸೇರುವ ಸಭೆ.

ನಮ್ಮೂರ ಕಡೆ ಟಿಕೆಟ್ ಅಂದರೆ ಹೈಕಮಾಂಡ್, ಬಿ ಫಾರಂ, ಕೊನೇ ಗಳಿಗೆಯಲ್ಲಿ ದೆಹಲಿಗೆ ಓಟ. ಇಲ್ಲಿ ಅಧ್ಯಕ್ಷ ಚುನಾವಣೆಗೆ ಡೆಮಾಕ್ರಟಿಕ್ ಪಕ್ಷದ ಟಿಕೆಟ್ ಯಾರಿಗೆ ಅಂತ ಹೇಳೋಕೆ ನಾವೇ ದಪ್ಪ ಜಾಕೆಟ್ ಹಾಕಿಕೊಂಡು ಬಂದಿದ್ದೆವು. ಮತಪೆಟ್ಟಿಗೆ ಇಲ್ಲ, ಪರದೆ ಇಲ್ಲ. ಸ್ಯಾಂಡರ್ಸ್, ಬುಟಿಜಜ್, ವಾರೆನ್, ಕ್ಲೋಬುಚಾರ್, ಬೈಡನ್, ಯಾಂಗ್ ಅಂತ ಗೋಡೆಗೆ ಹೆಸರು ಅಂಟಿಸಿದ್ದರು. ಬೇಕಾದವರ ಹೆಸರಿನ ಕೆಳಗೆ ಎಲ್ಲರೆದುರೇ ಹೋಗಿ ನಿಲ್ಲಬೇಕು. ನಾನು ಬೈಡನ್ ಕಡೆ ನಡೆದೆ. ಹೆಂಡತಿ ಒಂದು ಮಾತೂ ಆಡದೆ ವಾರೆನ್ ಮೂಲೆಗೆ ಹೋದಳು.

ತಲೆ ಎಣಿಸಿದರು. ಒಟ್ಟು 212 ಜನ. ಶೇ 15ರಷ್ಟು, ಅಂದರೆ 32 ಜನ ಇಲ್ಲದ ಗುಂಪು ಚದುರಬೇಕು. ನಾವಿದ್ದದ್ದು 27. ಯಾಂಗ್ ಗುಂಪಿನಲ್ಲಿ 14 ಮಂದಿ, ಅವರದೂ ನಮ್ಮದೇ ಪಾಡು. ಹೋಗಿ ಕರೆದೆವು. ಮೂವರು ಬಂದರು. ಮೂವತ್ತಾಯಿತು, ಇನ್ನಿಬ್ಬರು ಸಿಗಲಿಲ್ಲ.

ಆಮೇಲೆ ಶುರುವಾಯಿತು ನೋಡಿ, ಸಂತೆ! ಉಳಿದ ಗುಂಪಿನವರೆಲ್ಲ ನಮ್ಮನ್ನು ಸುತ್ತಿಕೊಂಡರು. "ಸುಮ್ನೆ ಈ ಕಡೆ ಬನ್ರೀ!" ಅಂತ ಹೆಂಡತಿ ಕನ್ನಡದಲ್ಲೇ ಕೂಗಿದಳು. ಅಕ್ಕಪಕ್ಕದವರು ತಿರುಗಿ ನೋಡಿದರು. ಅಷ್ಟರಲ್ಲಿ ಬುಟಿಜಜ್ ಗುಂಪಿನಿಂದ ಪಕ್ಕದ ಮನೆಯ ಅಜ್ಜ ಕೈ ಬೀಸಿದರು. ಹಿಮ ಬಿದ್ದ ದಿನ ನಾವು ಕೇಳದಿದ್ದರೂ ನಮ್ಮ ಮನೆ ಮುಂದಿನದನ್ನೂ ಗೋರಿ ಹೋಗುವವರು ಅವರು. ನಾನು ಅಲ್ಲಿಗೆ ಹೋಗಿ ನಿಂತೆ. ಬುಟಿಜಜ್ ಆರೋಗ್ಯ ವಿಮೆ ಬಗ್ಗೆ ಏನು ಹೇಳುತ್ತಾರೆ ಅಂತ ಆ ಕ್ಷಣ ಕೇಳಿದ್ದರೆ ತಡವರಿಸುತ್ತಿದ್ದೆ. ದಾಕ್ಷಿಣ್ಯಕ್ಕೆ ಬಸಿರಾಗುವುದು ಅಂತಾರಲ್ಲ, ಅದೇ. ಮತ ಗುಟ್ಟಾಗಿ ಹಾಕಬೇಕು ಅಂತ ಯಾಕೆ ಹೇಳುತ್ತಾರೆ ಅನ್ನುವುದು ಆವತ್ತು ಚೆನ್ನಾಗಿ ತಿಳಿಯಿತು.

ಕಾರಿನಲ್ಲಿ ಮನೆ ಮುಟ್ಟುವವರೆಗೂ ಮಾತಿಲ್ಲ. ಟಿವಿ ಹಾಕಿದರೆ ಅಲ್ಲೂ ಏನಿಲ್ಲ. ಎಣಿಕೆ ಕಳಿಸುವ ಹೊಸ ಆ್ಯಪ್ ಕೈಕೊಟ್ಟು, ಇಡೀ ರಾಜ್ಯದ ಫಲಿತಾಂಶವೇ ಆ ರಾತ್ರಿ ಬರಲಿಲ್ಲ. ಕೊನೆಗೆ ಲೆಕ್ಕ ಸಿಕ್ಕಾಗ ಬುಟಿಜಜ್, ಸ್ಯಾಂಡರ್ಸ್ ಮುಂದಿದ್ದರು. ಬೈಡನ್ ನಾಲ್ಕನೇ ಸ್ಥಾನಕ್ಕೆ ಬಿದ್ದಿದ್ದರು.

ಅದೇ ತಿಂಗಳ ಕೊನೆಗೆ ಅವರು ಸೌತ್ ಕೆರೊಲಿನಾ ರಾಜ್ಯದಲ್ಲಿ ಪಕ್ಷದೊಳಗಿನ ಚುನಾವಣೆ ಗೆದ್ದರು. ಆಗಸ್ಟ್‌ನಲ್ಲಿ ಪಕ್ಷದ ಅಭ್ಯರ್ಥಿಯೇ ಆದರು. ಟಿವಿ ನೋಡುತ್ತಾ ನಾನು "ನಮ್ಮ ಬೈಡನ್" ಅಂದೆ.

"ಯಾವ ನಮ್ಮ? ನೀವು ಅಜ್ಜನ ಪಾರ್ಟಿ ಅಲ್ವಾ?" ಅಂದಳು.