ಬಚ್ಚಲುಮನೆಯ ಹಾಡು: ತರಬೇತಿ ಎಲ್ಲಿಗೆ ಬಂತು

ತುಮಕೂರಿನ ಒಂದು ವೃದ್ಧಾಶ್ರಮದಲ್ಲಿ ನಾವು ನಡೆಸುತ್ತಿರುವ ಹಾಡಿನ ತರಬೇತಿ ಎರಡನೇ ಹಂತಕ್ಕೆ ಬಂದಿದೆ. ಕಲಿಯುತ್ತಿರುವವರು ಅಲ್ಲಿನ ಆಯಾಗಳು, ನರ್ಸ್‌ಗಳು, ಜೊತೆಗೆ ಸುತ್ತಲಿನ ಆಶಾ ಕಾರ್ಯಕರ್ತೆಯರು. ಮರೆವಿನ ಕಾಯಿಲೆ ಇರುವ ಹಿರಿಯರ ಜೊತೆ ಹಾಡುವುದು ಇವರ ಕೆಲಸ.

ಮೊದಲು ಎಲ್ಲರನ್ನೂ ಹಾಲ್‌ನಲ್ಲಿ ಕೂರಿಸಿ ಹಾಡಿಸುತ್ತಿದ್ದೆವು. ಅದೂ ಚೆನ್ನಾಗೇ ಇತ್ತು. ಆದರೆ ಆಯಾಗಳಿಗೆ ನಿಜವಾದ ಕಷ್ಟ ಬೆಳಗಿನ ಸ್ನಾನದ ಹೊತ್ತಿನದು. ಗುರುತಿಲ್ಲದವರು ಸೀರೆ ಬಿಚ್ಚೋಕೆ ಬಂದರೆ ಯಾರಿಗಾದರೂ ಹೆದರಿಕೆ ಆಗುತ್ತದೆ, ಅಲ್ವಾ? ಹಾಗಾಗಿ ಈಗ ಹಾಡನ್ನು ಬಚ್ಚಲುಮನೆಗೇ ಒಯ್ದಿದ್ದೇವೆ.

ಸ್ವೀಡನ್ನಿನ ಏವಾ ಗೋಟೆಲ್ ಮತ್ತು ಸಂಗಡಿಗರು 2002ರಲ್ಲಿ ಪ್ರಕಟಿಸಿದ ಅಧ್ಯಯನ ನಮಗೆ ಧೈರ್ಯ ಕೊಟ್ಟಿತು. ಬೆಳಗಿನ ಆರೈಕೆಯನ್ನು ಅವರು ಮೂರು ಬಗೆಯಲ್ಲಿ ನೋಡಿದರು: ಎಂದಿನಂತೆ, ಸಂಗೀತ ಹಾಕಿಟ್ಟು, ಆರೈಕೆ ಮಾಡುವವರೇ ಹಾಡುತ್ತಾ. ಹಾಡುತ್ತಾ ಮಾಡಿದಾಗ 'ಕೈ ಎತ್ತಿ, ತಿರುಗಿ' ಅನ್ನುವಂಥ ಮಾತು ಬಹಳ ಕಡಿಮೆಯಾಯಿತು. ಆದರೂ ಹಿರಿಯರಿಗೆ ಏನು ಮಾಡಬೇಕೆಂದು ತಿಳಿಯುತ್ತಿತ್ತು. ರಾಗಿ ಬೀಸುತ್ತಾ, ನಾಟಿ ಹಾಕುತ್ತಾ ಹಾಡಿದ ನಮ್ಮ ಅಜ್ಜಿಯರಿಗೆ ಇದು ಹೊಸದೇನಲ್ಲ.

"ನಂಗೆ ಹಾಡೋಕೆ ಬರಲ್ಲ ಮೇಡಂ" ಅನ್ನುವವರೇ ಜಾಸ್ತಿ. ಅವರಿಗೆ ರಾಗ ಕಲಿಸುವುದಿಲ್ಲ. ಶ್ರುತಿ, ಅಂದರೆ ಹಾಡು ಎತ್ತಿಕೊಳ್ಳುವ ಸ್ವರದ ಎತ್ತರ, ಇಳಿಸುವುದನ್ನು ಕಲಿಸುತ್ತೇವೆ. ವಯಸ್ಸಾದ ಹೆಂಗಸರ ದನಿ ತಗ್ಗಿರುತ್ತದೆ. ಐದೂವರೆ ಶ್ರುತಿಯಲ್ಲಿ ಎತ್ತಿಕೊಂಡರೆ ಅಜ್ಜಿಯರು ಸುಮ್ಮನಾಗುತ್ತಾರೆ, ನಾಲ್ಕಕ್ಕೋ ಇನ್ನೂ ಕೆಳಗೋ ಹಿಡಿದರೆ ದನಿ ಸೇರಿಸುತ್ತಾರೆ. ಇನ್ನೊಂದು, ಸಾಲಿನ ಕೊನೆಯ ಪದ ಬಿಟ್ಟು ಸುಮ್ನೆ ಕಾಯುವುದು. ಕಲಿಯಲು ಕಷ್ಟ ಇದೇ.

ಮೊನ್ನೆ ಒಬ್ಬ ಆಯಾ ನೀರು ಹಾಕುವ ಮುಂಚೆ ಅಜ್ಜಿಯ ಬಲಗೈ ಗಮನಿಸಿದರು. ರಾಗಿಕಲ್ಲಿನ ಗೂಟ ಹಿಡಿದಂತೆ ಅದು ಮೆಲ್ಲಗೆ ಸುತ್ತುತ್ತಿತ್ತು. ಅದೇ ವೇಗಕ್ಕೆ ಬೀಸುವ ಹಾಡು ಶುರು ಮಾಡಿ, ಸಾಲಿನ ಕೊನೆಯ ಪದ ಬಿಟ್ಟರು. ಅಜ್ಜಿ ಅದನ್ನು ಹಾಡಿ ಮುಗಿಸಿ, "ನೀರು ಬಿಸಿ ಐತೇನವ್ವಾ?" ಅಂದರು. ಆಮೇಲೆ ಒಂದೊಂದು ಸಾಲಿಗೆ ಒಂದೊಂದು ಚೊಂಬು.

ಹಾಡು ಅಳುವನ್ನೂ ತರುತ್ತದೆ. ಯಾರಿಗೆ ಯಾವ ಹಾಡು ಬೇಡ ಅನ್ನುವುದನ್ನು ನೋಟ್‌ಬುಕ್ಕಿನಲ್ಲಿ ಕೆಂಪು ಶಾಯಿಯಲ್ಲಿ ಬರೆಯುತ್ತೇವೆ. ಕಾಯಿಲೆ ವಾಸಿಯಾಗುತ್ತದೆ ಎಂದು ಮನೆಯವರಿಗೆ ಯಾರೂ ಹೇಳಬಾರದು ಎಂದು ಮೊದಲ ದಿನವೇ ತಿಳಿಸಿರುತ್ತೇವೆ.

ಉರ್ದು ಮಾತಾಡುವ ತಾತ ಒಬ್ಬರಿದ್ದಾರೆ. ಅವರ ಕಾಲದ ಹಾಡು ನಮ್ಮಲ್ಲಿ ಯಾರಿಗೂ ಬರುವುದಿಲ್ಲ. ಮಗಳು ಎರಡು ಹಾಡು ಮೊಬೈಲ್‌ನಲ್ಲಿ ರೆಕಾರ್ಡ್ ಮಾಡಿ ಕಳಿಸಿದ್ದಾರೆ. ಮುಂದಿನ ವಾರ ಅವನ್ನೇ ಕಲಿಯುತ್ತೇವೆ.